ಏರ್ ಇಂಡಿಯಾ ಮಹಾರಾಜನ ಹಳೇ ಪೋಸ್ಟರುಗಳು: ಆ ಗತ್ತು ಈಗಿನ ಜಾಹೀರಾತಲ್ಲಿ ಯಾಕೆ ಕಾಣಲ್ಲ?

ಹಳೇಪೋಸ್ಟರ್:
ಎಲ್ರಿಗೂ ನಮಸ್ಕಾರ. ಏರ್ ಇಂಡಿಯಾದ 50-60ರ ದಶಕದ ಪೋಸ್ಟರುಗಳನ್ನ ಒಂದೊಂದಾಗಿ ದೊಡ್ಡದು ಮಾಡಿ ನೋಡ್ತಾ ಇದ್ದೆ, ಅದಕ್ಕೇ ಈ ಚರ್ಚೆ ಶುರು ಮಾಡ್ತಿದೀನಿ. ಟೋಕಿಯೋಗೆ ಹೋಗಿ ಅಂದ್ರೆ ಕಂಪನಿಯ ಗುರುತಾಗಿದ್ದ ಕಾರ್ಟೂನ್ ಮಹಾರಾಜ ಹೊಟ್ಟೆ ಬಿಟ್ಕೊಂಡು ಸುಮೋ ಪೈಲ್ವಾನ ಆಗಿರ್ತಾನೆ, ಪ್ಯಾರಿಸ್ ಅಂದ್ರೆ ಹುಡುಗೀರ ಕಡೆ ಕಣ್ಣು ಹಾಯಿಸೋ ರಸಿಕ. ಅದೇ ಮೀಸೆ, ಅದೇ ಕೊಕ್ಕಿನಂಥ ಮೂಗು, ಊರಿಗೊಂದು ವೇಷ ಅಷ್ಟೇ. ವಿಮಾನದ ಚಿತ್ರ ಎಷ್ಟೋ ಪೋಸ್ಟರಲ್ಲಿ ಮೂಲೇಲಿ ಚಿಕ್ಕದಾಗಿರುತ್ತೆ, ಆದ್ರೂ ನೋಡಿದ ತಕ್ಷಣ ಹೊರಡಬೇಕು ಅನ್ಸುತ್ತೆ.

ಗೊತ್ತಿಲ್ಲದೋರಿಗೆ ಹೇಳ್ತೀನಿ, ಇವನು ಹುಟ್ಟಿದ್ದು 1946ರಲ್ಲಿ, ಕಂಪನಿ ಇನ್ನೂ ಟಾಟಾದವರ ಕೈಲಿದ್ದಾಗ. ಐಡಿಯಾ ಬಾಬಿ ಕೂಕಾ ಅವರದ್ದು, ಕಂಪನಿಯ ಕಮರ್ಷಿಯಲ್ ವಿಭಾಗ ನೋಡ್ಕೊಳ್ತಿದ್ದೋರು. ಚಿತ್ರ ಬರೆದವರು ಉಮೇಶ್ ರಾವ್, ಜೆ. ವಾಲ್ಟರ್ ಥಾಂಪ್ಸನ್ ಏಜೆನ್ಸಿಯ ಬಾಂಬೆ ಆಫೀಸಿನ ಆರ್ಟಿಸ್ಟ್. ಮೊದಲು ಅವನು ಬಂದಿದ್ದು ವಿಮಾನದೊಳಗೆ ಕೊಡೋ ಮೆಮೋ ಪ್ಯಾಡ್ ಮೇಲೆ, ಅಲ್ಲಿಂದ ಪೋಸ್ಟರು, ಕ್ಯಾಲೆಂಡರು, ಇಸ್ಪೀಟ್ ಎಲೆ, ಬಾಂಬೆಯ ಹೋರ್ಡಿಂಗು, ತಲೆ ಆಡಿಸೋ ಬೊಂಬೆ, ಎಲ್ಲಾ ಕಡೆ ಹತ್ತಿಬಿಟ್ಟ. ಕೂಕಾ ಅವರೇ ಹೇಳ್ತಿದ್ರಂತೆ, ಬೇರೆ ಸರಿಯಾದ ಹೆಸರು ಸಿಗದೆ ಮಹಾರಾಜ ಅಂದ್ವಿ, ನೋಡೋಕೆ ರಾಜನ ಥರ ಇದಾನೆ ಹೊರತು ಇವನದ್ದು ರಾಜರಕ್ತ ಅಲ್ಲ ಅಂತ.

ನಂಗೆ ಇಷ್ಟ ಆಗೋದು ಇದೇ. ಆಗಷ್ಟೇ ಸ್ವತಂತ್ರ ಆಗಿದ್ದ ಬಡದೇಶದ ವಿಮಾನ ಕಂಪನಿ, ಅಮೆರಿಕದ ಪ್ಯಾನ್ ಆಮ್ ಥರದ ದೈತ್ಯ ಕಂಪನಿಗಳ ಪಕ್ಕ ನಿಂತ್ಕೊಂಡು ನಾವೂ ದೊಡ್ಡೋರು ಅಂತ ಎದೆ ಉಬ್ಬಿಸಲಿಲ್ಲ, ತಲೆ ಬಾಗಿಸಿ ಬನ್ನಿ ಅಂತು, ಜೊತೆಗೆ ನಗಿಸ್ತು. ಈಗಿನ ಏರ್‌ಲೈನ್ ಜಾಹೀರಾತು ತೆಗೆದ್ರೆ ಪ್ರೋಮೋ ಕೋಡ್, ಇಂತಿಷ್ಟು ರೂಪಾಯಿಯಿಂದ ಶುರು, ಷರತ್ತು ಅನ್ವಯ. ಇದು ಹೇಗಾಯ್ತು ಅಂತ ನಿಮಗೇನು ಅನ್ಸುತ್ತೆ? ಮನೇಲಿ ಹಳೇ ಸಾಮಾನು ಇದ್ರೆ ಅದರ ಬಗ್ಗೆನೂ ಬರೀರಿ.

ಬಜ್ಪೆಯವ:
ಒಳ್ಳೆ ವಿಷಯ ತೆಗೆದ್ರಿ ಮಾರಾಯ್ರೆ. ನಮ್ಮ ಕಡೆಯವರಿಗೆ ಮಹಾರಾಜ ಹೇಳಿದ್ರೆ ಯಕ್ಷಗಾನದ ಹಾಸ್ಯಗಾರ ರಾಜನ ಕಿರೀಟ ಇಟ್ಟುಕೊಂಡು ಬಂದ ಹಾಗೆ, ಕಂಡ ಕೂಡಲೇ ನಗು ಬರ್ತದೆ.

ಆದ್ರೆ ಊರಿನವರು ಪೋಸ್ಟರು ನೋಡಿದ್ದು ಕಡಿಮೆ, ಬ್ಯಾಗು ನೋಡಿದ್ದು ಹೆಚ್ಚು. ಹೆಗಲಿಗೆ ಹಾಕುವ ಏರ್ ಇಂಡಿಯಾ ಬ್ಯಾಗು ಉಂಟಲ್ಲ, ಗಲ್ಫಿಗೆ ಹೋದವರು ತಂದದ್ದು, ಅದು ಕರಾವಳಿ ಇಡೀ ತಿರುಗಿದೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲಿ ನೋಡಿದ್ರೂ ಆ ಬ್ಯಾಗು. ಜಿಪ್ ಹೋದ ಮೇಲೂ ಬಿಸಾಡುವುದಿಲ್ಲ, ಅದಕ್ಕೆ ಪಿನ್ ಹಾಕಿ ತೆಂಗಿನಕಾಯಿ ತುಂಬಿಸಿ ತರ್ತಿದ್ರು. ಕಂಪನಿಯವರಿಗೆ ಅಷ್ಟು ಜನ ಸಂಬಳ ಇಲ್ಲದೆ ಜಾಹೀರಾತು ಮಾಡಿದ್ದಾರೆ ನೋಡಿ.

ನಮ್ಮ ಬಜ್ಪೆ ವಿಮಾನ ನಿಲ್ದಾಣ ಶುರುವಾದದ್ದು 1951 ಡಿಸೆಂಬರ್ 25ಕ್ಕೆ, ನೆಹರೂ ಡಕೋಟಾ ವಿಮಾನದಲ್ಲಿ ಬಂದು ಇಳಿದದ್ದು. ಆದ್ರೆ ಇಲ್ಲಿಂದ ನೇರ ದುಬೈಗೆ ವಿಮಾನ ಬರ್ಲಿಕ್ಕೆ 2006 ಆಗ್ಬೇಕಾಯ್ತು. ಅಲ್ಲಿವರೆಗೆ ಬೊಂಬಾಯಿಗೆ ಬಸ್ಸು, ಅಲ್ಲಿ ಯಾರದ್ದಾದ್ರೂ ರೂಮಿನಲ್ಲಿ ನಿಂತು ಮತ್ತೆ ವಿಮಾನ. ಒಬ್ಬ ಹೊರಡ್ತಾನೆ ಅಂದ್ರೆ ಜೀಪ್ ಮಾಡಿಕೊಂಡು ಇಡೀ ಮನೆ, ಅಕ್ಕಪಕ್ಕದ ಮನೆ, ಮಕ್ಕಳು ಮರಿ ಎಲ್ಲ ಕಳಿಸ್ಲಿಕ್ಕೆ ಹೋಗುವುದು, ಹೂವಿನ ಮಾಲೆ, ಗ್ರೂಪ್ ಫೋಟೋ. ಹೋಗುವವನಿಗೆ ಹೊಸ ಸಫಾರಿ ಸೂಟು. ಗ್ಲಾಮರ್ ಅಂತ ನೀವು ಕರೆಯುವುದು ನಮಗೆ ಅದೇ. ಪೋಸ್ಟರು ಮಾಡಿದವರಿಗೆ ಈ ಜನರ ನೆನಪೇ ಇರ್ಲಿಲ್ಲ, ಆದ್ರೂ ಆ ಮಹಾರಾಜನನ್ನು ಮನೆಯ ಷೋಕೇಸಿನಲ್ಲಿ ಇಟ್ಟವರು ಇವರೇ.

ವಿಮಾನಪ್ರೇಮಿ:
ಹಳೇಪೋಸ್ಟರ್ ಸರ್, ನಿಮ್ಮ ಪ್ರಶ್ನೆಗೆ ಉತ್ತರ ಟಿಕೆಟ್ ದರದಲ್ಲಿದೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಆಗ ಅಂತಾರಾಷ್ಟ್ರೀಯ ರೂಟಲ್ಲಿ ದರ ಇಳಿಸೋ ಸ್ವಾತಂತ್ರ್ಯನೇ ಕಂಪನಿಗಳಿಗೆ ಇರಲಿಲ್ಲ. ಐಯಾಟಾ ಅಂತ ವಿಮಾನ ಕಂಪನಿಗಳ ಅಂತಾರಾಷ್ಟ್ರೀಯ ಒಕ್ಕೂಟದಲ್ಲಿ ಎಲ್ಲಾ ಕೂತು ಒಂದು ದರ ಒಪ್ಕೊಳ್ತಿದ್ರು, ಸರ್ಕಾರಗಳು ಅದಕ್ಕೆ ಸೀಲ್ ಹಾಕ್ತಿದ್ವು, ಬಾಂಬೆ-ಲಂಡನ್ ಯಾರ ವಿಮಾನ ಹತ್ತಿದ್ರೂ ಆ ದರ್ಜೆಗೆ ಅದೇ ದುಡ್ಡು. ದರದಲ್ಲಿ ಗೆಲ್ಲೋಕಾಗಲ್ಲ ಅಂದ್ಮೇಲೆ ಇನ್ನೇನಲ್ಲಿ ಗೆಲ್ತೀರಾ? ಊಟ, ಸೀಟು, ಸೀರೆ, ನಗು, ಪೋಸ್ಟರ್.

ಇದು ಯಾವ ಮಟ್ಟಕ್ಕೆ ಹೋಗಿತ್ತು ಅಂದ್ರೆ 1958ರಲ್ಲಿ ಅಟ್ಲಾಂಟಿಕ್ ಮೇಲೆ ಎಕಾನಮಿ ಕ್ಲಾಸ್ ಶುರುವಾದಾಗ ಅದರಲ್ಲಿ ಬರೀ ಸ್ಯಾಂಡ್‌ವಿಚ್ ಕೊಡಬೇಕು, ಅದೂ ಸಾದಾ, ತಣ್ಣಗಿರೋದು, ಅಗ್ಗದ್ದು ಅಂತ ನಿಯಮ ಮಾಡಿದ್ರು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿಯವರು ಬ್ರೆಡ್ ಮೇಲೆ ಮಾಂಸ, ಮೀನು, ಸೊಪ್ಪು ಅಂತ ರಾಶಿ ಹಾಕಿ ಅವರೂರಿನ ಕ್ರಮದಲ್ಲಿ ಬಡಿಸಿ, ಇದೂ ಸ್ಯಾಂಡ್‌ವಿಚ್ಚೇ ಅಂದ್ರು. ಪ್ಯಾನ್ ಆಮ್ ದೂರು ಕೊಡ್ತು, ಎಸ್‌ಎಎಸ್‌ಗೆ ದಂಡ ಬಿತ್ತು. ಒಂದು ಸ್ಯಾಂಡ್‌ವಿಚ್ಚಿಗೆ!

ಅಮೆರಿಕದ ಒಳಗೂ ಹಂಗೇ, ಅಲ್ಲಿ ಸರ್ಕಾರದ ಮಂಡಳಿ ದರ ನಿಗದಿ ಮಾಡ್ತಿತ್ತು, 1978ರಲ್ಲಿ ಕಾನೂನು ಬದಲಾಗಿ ಆ ಹಿಡಿತ ಸಡಿಲ ಆಯ್ತು, ಆಮೇಲೆ ಶುರುವಾಗಿದ್ದೇ ದರಸಮರ. ಪ್ಯಾನ್ ಆಮ್‌ನಂಥ ಪ್ಯಾನ್ ಆಮ್ 1991ರ ಡಿಸೆಂಬರಲ್ಲಿ ಬಾಗಿಲು ಹಾಕ್ತು. ನಮ್ಮಲ್ಲಂತೂ 1953ರ ಕಾನೂನಿನ ಪ್ರಕಾರ ದೇಶದೊಳಗಿನ ನಿಯಮಿತ ಹಾರಾಟ ಇಂಡಿಯನ್ ಏರ್‌ಲೈನ್ಸ್ ಕೈಲಿ, ಹೊರದೇಶಕ್ಕೆ ಏರ್ ಇಂಡಿಯಾ, ಆ ಕಾನೂನು ಹೋಗಿದ್ದು 1994ರಲ್ಲಿ. ಊರೊಳಗೆ ಎದುರಾಳಿನೇ ಇರಲಿಲ್ಲ, ಅದಕ್ಕೇ ಇಂಡಿಯನ್ ಏರ್‌ಲೈನ್ಸ್‌ನ ಒಂದು ಪೋಸ್ಟರ್ ನೆನಪಿಸ್ಕೊಳಿ ನೋಡೋಣ, ಬರಲ್ಲ. ಲಂಡನ್ ನ್ಯೂಯಾರ್ಕಲ್ಲಿ ಪೈಪೋಟಿ ಇತ್ತು, ಮಹಾರಾಜ ಅಲ್ಲಿ ಬೆಳೆದ.

ಧಾರವಾಡದಾಂವ:
ಎಲ್ಲಾರೂ ಮಹಾರಾಜನ ಗುಣಗಾನ ಮಾಡ್ಲಿಕತ್ತೀರಿ, ನಾ ಬ್ಯಾರೆ ಮಾತು ಹೇಳ್ತೀನ್ರಿ. ಆ ವಿಮಾನದಾಗ ಕುಂದರಾವ್ರು ಯಾರಿದ್ರು? 1948ರ ಜೂನ್ 8ಕ್ಕ ಮಲಬಾರ್ ಪ್ರಿನ್ಸೆಸ್ ಅನ್ನೋ ಕಾನ್‌ಸ್ಟಲೇಷನ್ ವಿಮಾನ ಬಾಂಬೆಯಿಂದ ಕೈರೋ, ಜಿನೀವಾ ಮ್ಯಾಲೆ ಹಾಸಿ ಲಂಡನ್ನಿಗೆ ಹೋತು, ಅದರ ಪೇಪರ್ ಜಾಹೀರಾತಿನಾಗ ದರ 1,720 ರೂಪಾಯಿ ಅಂತ ಹಾಕ್ಯಾರ. ಆಗಿನ ಕಾಲಕ್ಕ ಅದು ಎಷ್ಟು ದೊಡ್ಡ ರೊಕ್ಕ ಅಂತ ಮನ್ಯಾಗ ಹಿರ್‍ಯಾರನ್ನ ಕೇಳ್ರಿ. ನಮ್ಮ ಕಡೆ ಮಂದಿಗೆ ವಿಮಾನ ಅಂದ್ರ ಹೊಲದಾಗ ನಿಂತು ತಲಿ ಎತ್ತಿ ನೋಡೋದು ಅಷ್ಟ.

ನನಗ ಮಹಾರಾಜಗಿಂತ ದೊಡ್ಡಾಂವ ಯಾರು ಗೊತ್ತೇನ್ರಿ? ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್. ಚೌಕಡಿ ಕೋಟು, ಧೋತರ, ಚಾಳೀಸು, ಮಾತಿಲ್ಲ ಕತಿ ಇಲ್ಲ. 2003ರಾಗ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಏರ್ ಡೆಕ್ಕನ್ ಶುರು ಮಾಡಿದಾಗ ಅವನನ್ನ ತಂದು ತಮ್ಮ ಗುರುತು ಮಾಡಿಕೊಂಡ್ರು. ಚಿತ್ರ ಬರೆದವರು ಮೈಸೂರಿನವ್ರು, ಕಂಪನಿ ಕಟ್ಟಿದವ್ರು ಹಾಸನ ಜಿಲ್ಲಾದವ್ರು, ಹೆಡ್ ಆಫೀಸ್ ಬೆಂಗಳೂರು. ಒಂದು ರೂಪಾಯಿ ಟಿಕೆಟ್ ಅಂತ ಬಿಟ್ಟಾಗ ಮಂದಿ ನಂಬಲಿಲ್ಲ. ನಮ್ಮವ್ವ ಮೊದಲ ಸಲ ವಿಮಾನ ಹತ್ತಿದ್ದು ಅದರಾಗ, ಸಣ್ಣ ಎಟಿಆರ್, ಎರಡು ಪಂಖಾದ್ದು, ಕಾಲಾಗ ಚಪ್ಪಲಿ, ಕೈಯಾಗ ರೊಟ್ಟಿ ಗಂಟು. ಯಾರೂ ತಲಿ ಬಾಗಿಸಿ ಸ್ವಾಗತ ಮಾಡಲಿಲ್ಲ, ನೀರಿಗೂ ರೊಕ್ಕ ಕೇಳಿದ್ರು, ಆದ್ರ ಆಕಿ ಖಿಡಕಿ ಬಿಟ್ಟು ಮುಖ ತಿರುಗಿಸಲಿಲ್ಲ. ಆ ಗ್ಲಾಮರ್ ಯಾವ ಫಸ್ಟ್ ಕ್ಲಾಸಿನಾಗ ಐತಿ ಹೇಳ್ರಿ.

ಹಳೇಪೋಸ್ಟರ್:
ಧಾರವಾಡದವರೇ, ನಿಮ್ಮ ತಾಯಿ ವಿಷಯ ಓದಿ ಮನಸ್ಸು ತುಂಬ್ತು. ಟಿಕೆಟ್ ಅಗ್ಗ ಆಗಬಾರ್ದಿತ್ತು ಅಂತ ನಾನು ಯಾವತ್ತೂ ಹೇಳಲ್ಲ, ಎಲ್ಲರೂ ಹಾರಲಿ.

ಆದ್ರೆ ನೋಡಿ, ನೀವು ಕೊಟ್ಟ ಉದಾಹರಣೆನೇ ವಿಮಾನಪ್ರೇಮಿಯವರ ವಾದಕ್ಕೆ ಉತ್ತರ. ಏರ್ ಡೆಕ್ಕನ್ ದೇಶದಲ್ಲೇ ಅತಿ ಅಗ್ಗದ ಟಿಕೆಟ್ ಮಾರ್ತಿದ್ದ ಕಂಪನಿ, ದರಸಮರ ಶುರು ಮಾಡಿದ್ದೇ ಅವರು, ಆದ್ರೂ ಕೈಯಲ್ಲಿ ಬರೆದ ಒಬ್ಬ ಮನುಷ್ಯನನ್ನ ಮುಂದೆ ನಿಲ್ಲಿಸಿದ್ರು. ಆ ಚಿತ್ರ ನೋಡಿದ ತಕ್ಷಣ ಇದು ನನ್ನಂಥೋನಿಗೆ ಅಂತ ಗೊತ್ತಾಗ್ತಿತ್ತು, ದರ ಓದೋಕೆ ಮುಂಚೆನೇ. ಅಂದ್ರೆ ದರ ಕಡಿಮೆ ಆದ್ರೆ ಕಲೆ ಸಾಯಲೇಬೇಕು ಅಂತ ರೂಲ್ ಏನಿಲ್ಲ. ನೀವೇ ಹೇಳಿದ 1948ರ ಜಾಹೀರಾತಲ್ಲೂ ಮಹಾರಾಜನ ಜೊತೆಗೇ ದರ ಅಚ್ಚಾಗಿದೆ ಅಲ್ವಾ.

ನಂಗನ್ಸೋದು, ಹೋಗಿರೋದು ಧೈರ್ಯ. ಕೂಕಾ ಅವರು ವರ್ಷಗಟ್ಟಲೆ ಅದೇ ಕುರ್ಚೀಲಿದ್ರು, ಮೇಲೆ ಜೆಆರ್‌ಡಿ ಟಾಟಾ ಇದ್ರು, ಸರ್ಕಾರ 1953ರಲ್ಲಿ ಕಂಪನಿ ತಗೊಂಡ ಮೇಲೂ ಜೆಆರ್‌ಡಿ ಅವರೇ 1978ರ ತನಕ ಅಧ್ಯಕ್ಷರು. ಒಬ್ಬ ಬರೆಯೋನು, ಒಬ್ಬ ತಮಾಷೆ ಹೊಳೆಸೋನು, ಒಬ್ಬ ಬೆನ್ನಿಗೆ ನಿಲ್ಲೋನು, ಮೂರೂ ಇದ್ರೆ ಸಾಕಿತ್ತು. ಈಗ ಒಂದು ಚಿತ್ರ ಹೊರಗೆ ಬರಬೇಕಾದ್ರೆ ಎಷ್ಟು ಮೀಟಿಂಗ್, ಎಷ್ಟು ಜನರ ಒಪ್ಪಿಗೆ, ಯಾರಿಗೂ ಬೇಜಾರಾಗಬಾರ್ದು ಅಂತ ತಿದ್ದಿ ತಿದ್ದಿ ಕೊನೆಗೆ ಉಳಿಯೋದು ನಗ್ತಾ ಇರೋ ಒಂದು ಕುಟುಂಬದ ಫೋಟೋ, ಅದನ್ನೇ ಬ್ಯಾಂಕಿಗೂ ಹಾಕಬಹುದು ವಿಮೆಗೂ ಹಾಕಬಹುದು.

ಸಂಪಿಗೆಮರ:
ಇಷ್ಟು ಹೊತ್ತು ಓದ್ತಾ ಇದ್ದೆ. ಯಾರಿಗೂ ಬೇಜಾರಾಗಬಾರ್ದು ಅನ್ನೋದು ಕೆಟ್ಟದ್ದು ಅನ್ನೋ ಥರ ಬರೆದಿದೀರಾ, ಅಲ್ಲಿ ನಾನು ನಿಲ್ಲಿಸ್ತೀನಿ.

ಆ ಕಾಲದ ಜಾಹೀರಾತಿನ ಅರ್ಧ ಭಾಗ ಗಗನಸಖಿಯರ ಮುಖ. ಅಮೆರಿಕದ ನ್ಯಾಷನಲ್ ಏರ್‌ಲೈನ್ಸ್ 1971ರಲ್ಲಿ ಒಬ್ಬ ಹುಡುಗಿಯ ಮುಖ ತುಂಬಾ ಹಾಕಿ, ನಾನು ಚೆರಿಲ್, ಫ್ಲೈ ಮೀ ಅಂತ ಬರೆಸ್ತು. ಮಹಿಳಾ ಸಂಘಟನೆಗಳು ಬೀದಿಗಿಳಿದ್ವು. 1972ರಿಂದ ಸಿಂಗಪುರ್ ಏರ್‌ಲೈನ್ಸ್ ಜಾಹೀರಾತಿನ ಸಿಂಗಪುರ್ ಗರ್ಲ್ ಬಂದ್ಲು, ಫ್ರೆಂಚ್ ಡಿಸೈನರ್ ಪಿಯರ್ ಬಾಲ್ಮೇನ್ ಮಾಡಿದ ಸರೋಂಗ್ ಕೆಬಾಯ ಉಟ್ಕೊಂಡು, ಇವತ್ತಿಗೂ ಇದಾಳೆ. ಏರ್ ಇಂಡಿಯಾದ್ದು ಸೀರೆ. ಆ ಸೀರೆ ಚಿತ್ರಗಳು ನಂಗೂ ತುಂಬಾ ಇಷ್ಟ, ಮುಚ್ಚುಮರೆ ಇಲ್ಲ, ಚಿಕ್ಕೋಳಿದ್ದಾಗ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸ್ತಿದ್ದೆ.

ಆದ್ರೆ ಆ ಸೀರೆಯೊಳಗಿದ್ದ ಹೆಂಗಸರಿಗೆ ಇದ್ದ ನಿಯಮ ಕೇಳಿ. ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆ ಆದ್ರೆ ಕೆಲಸ ಹೋಯ್ತು. ಮೊದಲ ಬಸಿರಿಗೇ ಕೆಲಸ ಹೋಯ್ತು. ಇದ್ಯಾವುದೂ ಆಗದಿದ್ರೆ 35ಕ್ಕೆ ನಿವೃತ್ತಿ, ಅದರ ಮೇಲೆ ಮುಂದುವರಿಸೋದು ಬಿಡೋದು ಮ್ಯಾನೇಜಿಂಗ್ ಡೈರೆಕ್ಟರ್ ಇಷ್ಟ. ಅದೇ ಕ್ಯಾಬಿನ್ನಲ್ಲಿ ಕೆಲಸ ಮಾಡೋ ಗಂಡಸು ಪರ್ಸರ್‌ಗಳಿಗೆ 58ರ ತನಕ ನೌಕರಿ. ನರ್ಗೇಶ್ ಮಿರ್ಜಾ ಮತ್ತೆ ಇತರ ಗಗನಸಖಿಯರು ಕೋರ್ಟಿಗೆ ಹೋದ್ರು, 1981ರಲ್ಲಿ ಸುಪ್ರೀಂ ಕೋರ್ಟ್ ಬಸಿರಾದ್ರೆ ತೆಗೆಯೋ ನಿಯಮ ಮತ್ತೆ ಡೈರೆಕ್ಟರ್‌ಗಿದ್ದ ಲಗಾಮಿಲ್ಲದ ಅಧಿಕಾರ ಎರಡನ್ನೂ ಹೊಡೆದು ಹಾಕ್ತು. ನಾಲ್ಕು ವರ್ಷದ ಮದುವೆ ನಿಯಮ ಮಾತ್ರ ಸರಿ ಅಂತು, ನಂಗೆ ಅದು ಇವತ್ತಿಗೂ ನುಂಗೋಕಾಗಲ್ಲ.

ಪೋಸ್ಟರಲ್ಲಿ ಎಲ್ಲಾ ಹುಡುಗೀರೂ ಯಾವಾಗ್ಲೂ 22 ವರ್ಷದೋರೇ ಯಾಕೆ ಅಂದ್ರೆ ಉಳಿದೋರನ್ನ ಮನೆಗೆ ಕಳಿಸ್ತಿದ್ರು. ಹಳೇ ಜಾಹೀರಾತು ಇಷ್ಟಪಡಿ, ನಾನೂ ಪಡ್ತೀನಿ, ಆದ್ರೆ ಅದರ ಪಕ್ಕದಲ್ಲಿ ಈ ಕೇಸನ್ನೂ ಇಟ್ಟು ನೋಡಿ.

ಹಳೇಪೋಸ್ಟರ್:
ಸಂಪಿಗೆಮರ ಅವರೇ, ಈ ಮಾತು ಈ ಚರ್ಚೇಲಿ ಬರಲೇಬೇಕಿತ್ತು. ಧೈರ್ಯ ಅಂದಾಗ ನನ್ನ ಮನಸ್ಸಲ್ಲಿದ್ದಿದ್ದು ತನ್ನನ್ನೇ ನೋಡಿ ನಗೋ ಧೈರ್ಯ. ಟೋಕಿಯೋ ಪೋಸ್ಟರಲ್ಲಿ ನಗು ಬರೋದು ಮಹಾರಾಜನ ಹೊಟ್ಟೆ ನೋಡಿ. ಪ್ಯಾರಿಸ್ ಪೋಸ್ಟರಲ್ಲಿ ಹುಡುಗಿ ಬರೀ ಅಲಂಕಾರ, ಅಲ್ಲಿ ಆ ತಮಾಷೆ ಹಳಸಿದೆ, ಅದು ಒಪ್ತೀನಿ.

ಬಣ್ಣದಡಬ್ಬಿ:
ನಾನು ಸ್ಕ್ರೀನ್ ಪ್ರಿಂಟಿಂಗ್ ಮಾಡೋನು, ಚಿತ್ರದ ಕಡೆಯಿಂದ ಸ್ವಲ್ಪ ಹೇಳ್ತೀನಿ.

ಆಗ ಬರೀ ಏರ್ ಇಂಡಿಯಾ ಅಲ್ಲ, ಎಲ್ಲರೂ ಕಲಾವಿದರನ್ನ ಇಟ್ಕೊಂಡೇ ಗೆಲ್ತಿದ್ರು. ಅಮೆರಿಕದ ಟಿಡಬ್ಲ್ಯೂಎ ವಿಮಾನ ಕಂಪನಿಗೆ ಡೇವಿಡ್ ಕ್ಲೈನ್ ಅಂತ ಒಬ್ಬರು ಬರೀತಿದ್ರು, ನ್ಯೂಯಾರ್ಕ್ ಪೋಸ್ಟರಲ್ಲಿ ಟೈಮ್ಸ್ ಸ್ಕ್ವೇರನ್ನ ಬರೀ ಬಣ್ಣದ ಚೂರುಗಳಲ್ಲಿ ಮಾಡಿದಾರೆ, ಒಂದು ಮುಖ ಇಲ್ಲ, ಒಂದು ಕಟ್ಟಡ ಪೂರ್ತಿ ಇಲ್ಲ, ಆದ್ರೂ ಊರಿಗೆ ಊರೇ ಮಿನುಗುತ್ತೆ. ಅದು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಸಂಗ್ರಹದಲ್ಲಿದೆ. ಬ್ರಾನಿಫ್ ಅಂತ ಟೆಕ್ಸಾಸಿನ ಕಂಪನಿ 1965ರಲ್ಲಿ ಬಿಳೀ ವಿಮಾನ ಸಾಕು ಅಂತ ಒಂದೊಂದು ವಿಮಾನಕ್ಕೆ ಒಂದೊಂದು ಗಾಢ ಬಣ್ಣ ಬಳೀತು, ಕಿತ್ತಳೆ, ಹಳದಿ, ನೀಲಿ. ಬಣ್ಣ ಆಯ್ಕೆ ಡಿಸೈನರ್ ಅಲೆಕ್ಸಾಂಡರ್ ಗಿರಾರ್ಡ್ ಅವರದ್ದು, ಉಡುಪು ಎಮಿಲಿಯೋ ಪುಚ್ಚಿ. 1973ಕ್ಕೆ ಶಿಲ್ಪಿ ಕಾಲ್ಡರ್ ಕೈಲಿ ಇಡೀ ಡಿಸಿ-8 ವಿಮಾನಕ್ಕೆ ಚಿತ್ರ ಬರೆಸಿದ್ರು.

ನಮ್ಮೋರೇನು ಕಮ್ಮಿ ಇರಲಿಲ್ಲ. 1971ರಲ್ಲಿ ಬೋಯಿಂಗ್ 747 ಜಂಬೋ ವಿಮಾನ ಬಂದಾಗ ಏರ್ ಇಂಡಿಯಾ ಪ್ರತಿ ಕಿಟಕಿ ಸುತ್ತ ಕೆಂಪು ಬಣ್ಣದಲ್ಲಿ ಅರಮನೆ ಝರೋಖಾದ ಕಮಾನು ಬರೆಸಿ, ಯುವರ್ ಪ್ಯಾಲೇಸ್ ಇನ್ ದ ಸ್ಕೈ ಅಂತ ಹಾಕಿಸ್ತು. ಯೋಚನೆ ಮಾಡಿ, 747ರ ಕಿಟಕಿ ಸಾಲು ಎಷ್ಟುದ್ದ ಇರುತ್ತೆ, ಅಷ್ಟಕ್ಕೂ ಕಮಾನು. ದೂರದಿಂದ ಪೂರ್ತಿ ವಿಮಾನನೇ ಜಾಹೀರಾತು, ಬೇರೆ ಹೋರ್ಡಿಂಗ್ ಬೇಕೇ ಇಲ್ಲ.

ಇನ್ನೊಂದು, ಬೆಂಗಳೂರಿನೋರು ಖುಷಿಪಡಬೇಕಾದ್ದು. 1967ರಲ್ಲಿ ಏರ್ ಇಂಡಿಯಾ ಸಾಲ್ವಡಾರ್ ಡಾಲಿ ಕೈಲಿ ಪಿಂಗಾಣಿ ಆಶ್‌ಟ್ರೇ ಮಾಡಿಸ್ತು, ಫಸ್ಟ್ ಕ್ಲಾಸಿನೋರಿಗೆ ಉಡುಗೊರೆ ಕೊಡೋಕೆ. ಮಧ್ಯ ಚಿಪ್ಪು, ಅಂಚಿಗೆ ಹಾವು, ಕೆಳಗೆ ಆನೆ ತಲೆ ಮತ್ತೆ ಹಂಸ. ಹಂಸವನ್ನ ತಲೆಕೆಳಗೆ ಮಾಡಿದ್ರೆ ಆನೆ ತಲೆ, ಆನೆ ತಲೆ ತಿರುಗಿಸಿದ್ರೆ ಹಂಸ. ಸಂಭಾವನೆ ಏನು ಅಂದ್ರೆ ಡಾಲಿ ದುಡ್ಡು ಬೇಡ, ಆನೆಮರಿ ಬೇಕು ಅಂದ್ರು. ಆ ಆನೆಮರಿ ಹೋಗಿದ್ದು ನಮ್ಮ ಬೆಂಗಳೂರಿಂದ! ವಿಮಾನದಲ್ಲಿ ಜಿನೀವಾಗೆ, ಅಲ್ಲಿಂದ ಲಾರೀಲಿ ಸ್ಪೇನಿನ ಕಡಾಕೆಸ್ ಊರಿಗೆ, ಜೊತೆಗೆ ಮಾವುತ. ಮರಿ ಬಗ್ಗೆ ಯೋಚಿಸಿದ್ರೆ ಹೊಟ್ಟೆ ಚುರ್ ಅನ್ನುತ್ತೆ, ಈಗ ಯಾರೂ ಹಂಗೆ ಕಳಿಸಲ್ಲ, ಕಳಿಸಲೂಬಾರ್ದು. ಆದ್ರೆ ಒಂದು ಆಶ್‌ಟ್ರೇಗೆ ಡಾಲಿ ಹತ್ರ ಹೋಗೋ ಕಂಪನಿ ನಮ್ಮ ದೇಶದ್ದು ಅನ್ನೋದು ನಂಗೆ ಹೆಮ್ಮೆನೇ.

ಬಜ್ಪೆಯವ:
ಆನೆಮರಿ ವಿಷಯ ಗೊತ್ತೇ ಇರ್ಲಿಲ್ಲ ಮಾರಾಯ್ರೆ, ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ವಿಮಾನಪ್ರೇಮಿ:
ಒಂದು ಮಾತು ಸೇರಿಸ್ಲೇಬೇಕು. ಪೋಸ್ಟರಲ್ಲಿ ಮೆರೆದ ಆ ಹೆಸರುಗಳನ್ನ ನೋಡಿ. ಮಲಬಾರ್ ಪ್ರಿನ್ಸೆಸ್ 1950ರ ನವೆಂಬರಲ್ಲಿ ಮಾಂಟ್ ಬ್ಲಾಂಕ್ ಬೆಟ್ಟಕ್ಕೆ ಬಡೀತು, 48 ಜನ ಹೋದ್ರು. 1966ರ ಜನವರೀಲಿ ಕಾಂಚನಜುಂಗಾ ಅನ್ನೋ ಬೋಯಿಂಗ್ 707 ಅದೇ ಬೆಟ್ಟಕ್ಕೆ, 117 ಜನ, ಅಣುವಿಜ್ಞಾನಿ ಹೋಮಿ ಭಾಭಾ ಅದರಲ್ಲೇ ಇದ್ರು. ಕಮಾನಿನ ಕಿಟಕಿಯ ಮೊದಲ ಜಂಬೋ ಎಂಪರರ್ ಅಶೋಕ 1978ರ ಜನವರಿ 1ಕ್ಕೆ ಬಾಂದ್ರಾ ಕಡಲಿಗೆ ಬಿತ್ತು, 213 ಜನ. ಆಗಿನ ವಿಮಾನಯಾನಕ್ಕೂ ಈಗಿನದಕ್ಕೂ ಸುರಕ್ಷತೆಯಲ್ಲಿ ಅಜಗಜಾಂತರ. ಇಕ್ಕಟ್ಟಿನ ಸೀಟು ನಂಗೂ ಇಷ್ಟ ಇಲ್ಲ, ಆದ್ರೆ ಮಕ್ಕಳನ್ನ ಹತ್ತಿಸೋದಾದ್ರೆ ನಾನು ಇವತ್ತಿನ ವಿಮಾನಕ್ಕೇ ಹತ್ತಿಸ್ತೀನಿ.

ಕುವೆಂಪುನಗರದವಳು:
ನಮಸ್ತೆ, ಇಲ್ಲಿ ಹೊಸಬಳು. ಅಪ್ಪನ ಟ್ರಂಕ್ ತೆಗೆದಾಗ ಸುತ್ತಿಟ್ಟಿದ್ದ ಎರಡು ಏರ್ ಇಂಡಿಯಾ ಪೋಸ್ಟರು, ಊಟದ ಮೆನು ಕಾರ್ಡು, ಒಂದು ರೂಟ್ ಮ್ಯಾಪು ಸಿಕ್ತು. ಪೋಸ್ಟರ್ ಬಿಚ್ಚೋಕೆ ಹೋದ್ರೆ ಅಂಚು ಚೂರಾಗ್ತಿದೆ. ಫ್ರೇಮ್ ಅಂಗಡೀಲಿ ಲ್ಯಾಮಿನೇಷನ್ ಮಾಡಿಸಿ ಅಂದ್ರು. ಮಾಡಿಸ್ಬಹುದಾ? ಮತ್ತೆ ಇದು ನಿಜವಾದ್ದೋ ಆಮೇಲೆ ಅಚ್ಚು ಹಾಕಿದ್ದೋ ಹೇಗೆ ತಿಳಿಯೋದು?

ಬಣ್ಣದಡಬ್ಬಿ:
ಅಮ್ಮಾ ದಯವಿಟ್ಟು ಲ್ಯಾಮಿನೇಷನ್ ಮಾಡಿಸ್ಬೇಡಿ! ಬಿಸಿಗೆ ಅಂಟಿದ ಪ್ಲಾಸ್ಟಿಕ್ ಆಮೇಲೆ ಬಿಡಿಸೋಕಾಗಲ್ಲ, ಪೋಸ್ಟರ್ ಕಥೆ ಅಲ್ಲಿಗೆ ಮುಗೀತು. ಸೆಲ್ಲೋಟೇಪೂ ಬೇಡ, ಅದರ ಅಂಟು ಹಳದಿ ಆಗಿ ಕಾಗದದೊಳಗೆ ಇಳಿಯುತ್ತೆ. ಬಲವಂತವಾಗಿ ಬಿಚ್ಚಬೇಡಿ. ಎಷ್ಟು ತಾನಾಗೇ ಬಿಚ್ಕೊಳುತ್ತೋ ಅಷ್ಟೇ ಬಿಚ್ಚಿ, ಉಳಿದದ್ದನ್ನ ಹಳೇ ಕಾಗದ ರಿಪೇರಿ ಮಾಡೋ ಕನ್ಸರ್ವೇಟರ್‌ಗೆ ಕೊಡಿ, ಹಸ್ತಪ್ರತಿ ಕೆಲಸ ಮಾಡೋ ಸಂಸ್ಥೆಗಳು ನಿಮ್ಮ ಮೈಸೂರಲ್ಲೇ ಇವೆ, ಅಲ್ಲಿ ವಿಚಾರಿಸಿ. ಆಮೇಲೆ ಆಮ್ಲ ಇಲ್ಲದ ಕಾಗದದ ಮಧ್ಯೆ ಚಪ್ಪಟೆಯಾಗಿಡಿ, ಬಿಸಿಲು ಬೀಳೋ ಗೋಡೆಗೆ ಮಾತ್ರ ಹಾಕಬೇಡಿ, ಕೆಂಪು ಬಣ್ಣ ಮೊದಲು ಹೋಗುತ್ತೆ, ಏರ್ ಇಂಡಿಯಾ ಪೋಸ್ಟರಲ್ಲಿ ಕೆಂಪು ಹೋದ್ರೆ ಏನುಳೀತು.

ನಿಜವಾದ್ದಾ ಅಂತ ನೋಡೋಕೆ ಒಂದು ಭೂತಗನ್ನಡಿ ತಗೊಳಿ. ಆಗಿನ ಎಷ್ಟೋ ಪೋಸ್ಟರು ಸ್ಕ್ರೀನ್ ಪ್ರಿಂಟು ಇಲ್ಲಾ ಲಿಥೋ, ಸ್ಕ್ರೀನ್ ಪ್ರಿಂಟಾದ್ರೆ ಬಣ್ಣ ಒಂದೇ ಸಮ ದಪ್ಪಗೆ ಕೂತಿರುತ್ತೆ, ಬೆರಳಿಗೆ ಸ್ವಲ್ಪ ಉಬ್ಬು ಸಿಗುತ್ತೆ. ಈಚೆಗಿನ ಮರುಮುದ್ರಣದಲ್ಲಿ ಚಪ್ಪಟೆ ಬಣ್ಣ ಇರಬೇಕಾದ ಕಡೆನೂ ಸಣ್ಣ ಚುಕ್ಕಿಗಳ ಜಾಲ ಕಾಣುತ್ತೆ, ಅಕ್ಷರದ ಅಂಚು ಮಸುಕಾಗಿರುತ್ತೆ. ಕೆಳಗಡೆ ಅಂಚಲ್ಲಿ ಸಣ್ಣಕ್ಷರದಲ್ಲಿ ಪ್ರೆಸ್ಸಿನ ಹೆಸರು ಇದೆಯಾ ನೋಡಿ.

ಹಳೇಪೋಸ್ಟರ್:
ಕಂಪನಿ ಹೆಸರು ಏನಂತಿದೆ ಅಂತನೂ ನೋಡಿ ಮೇಡಂ. ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಅಂತ ಇದ್ರೆ ಸಾಮಾನ್ಯವಾಗಿ 1962ಕ್ಕೆ ಮುಂಚಿನದ್ದು, ಆ ವರ್ಷ ಹೆಸರು ಏರ್ ಇಂಡಿಯಾ ಅಂತ ಚಿಕ್ಕದಾಯ್ತು. ಮೆನು ಕಾರ್ಡನ್ನ ಪೋಸ್ಟರ್‌ಗಿಂತ ಕಡಿಮೆ ಅಂದ್ಕೋಬೇಡಿ, ಅದನ್ನ ಯಾರೂ ಎತ್ತಿಡ್ತಿರಲಿಲ್ಲ. ಸ್ಕ್ಯಾನ್ ಮಾಡೋದಾದ್ರೆ ಹಿಂದುಮುಂದು ಎರಡೂ ಮಾಡಿ, 600 ಡಿಪಿಐ ಇಡಿ, ಫೋನ್ ಫೋಟೋ ಆದ್ರೆ ಫ್ಲ್ಯಾಶ್ ಬೇಡ.

ಕುವೆಂಪುನಗರದವಳು:
ತುಂಬಾ ಥ್ಯಾಂಕ್ಸ್, ಲ್ಯಾಮಿನೇಷನ್‌ಗೆ ನಾಳೆ ಕೊಡೋಳಿದ್ದೆ! ರೂಟ್ ಮ್ಯಾಪಲ್ಲಿ ಇಂಟರ್‌ನ್ಯಾಷನಲ್ ಅಂತಲೇ ಇದೆ. ಬಾಂಬೆಯಿಂದ ಏಡನ್‌ಗೆ ಒಂದು ಗೆರೆ, ಅಲ್ಲಿಂದ ನೈರೋಬಿಗೆ. ಅಪ್ಪ ಅದರ ಮೇಲೆ ಪೆನ್ಸಿಲಲ್ಲಿ ಗುರುತು ಹಾಕಿದಾರೆ.

ವಿಮಾನಪ್ರೇಮಿ:
ನೈರೋಬಿ ಹಾರಾಟ 1950ರಲ್ಲಿ ಶುರುವಾಗಿದ್ದು, ಹಾಗಾಗಿ ನಿಮ್ಮ ಮ್ಯಾಪು 1950ರಿಂದ 62ರ ಮಧ್ಯದ್ದು. ಟೋಕಿಯೋಗೆ ಗೆರೆ ಇದೆಯಾ, ನ್ಯೂಯಾರ್ಕಿಗೆ ಇದೆಯಾ ನೋಡಿ. ನ್ಯೂಯಾರ್ಕ್ 1960ರಲ್ಲಿ ಬಂದಿದ್ದು, ಅದಿಲ್ಲ ಅಂದ್ರೆ ಇನ್ನೂ ಹಳೇದು. ಪೆನ್ಸಿಲ್ ಗುರುತನ್ನ ದಯವಿಟ್ಟು ಅಳಿಸಬೇಡಿ.

ಕುವೆಂಪುನಗರದವಳು:
ಟೋಕಿಯೋ ಇದೆ, ನ್ಯೂಯಾರ್ಕ್ ಇಲ್ಲ. ಭಾನುವಾರ ತಮ್ಮ ಸ್ಕ್ಯಾನರ್ ತರ್ತಾನೆ, ಎಲ್ಲಾ ಹಾಕ್ತೀನಿ, ಮೆನು ಕಾರ್ಡೂ ಸೇರಿ.